ಹೊಸ ಕಾರು ‘ಬಂತು’ ಅಂತಾರಲ್ಲ, ನಿಜಕ್ಕೂ ಬಂದಿದ್ದು ಏನು?

ಟಾಟಾ ಸಿಯೆರಾ ಯಾವಾಗ ಬಂತು? ಸುಲಭದ ಪ್ರಶ್ನೆ ಅನ್ಸುತ್ತೆ, ಆದರೆ ಉತ್ತರ ಒಂದಲ್ಲ. 2020ರ ಆಟೋ ಎಕ್ಸ್‌ಪೋದಲ್ಲಿ ಕಾನ್ಸೆಪ್ಟ್, ಅಂದರೆ ಬರೀ ತೋರಿಸೋ ಮಾದರಿ ಆಗಿ ಬಂತು. 2023ರ ಎಕ್ಸ್‌ಪೋದಲ್ಲಿ ಐದು ಬಾಗಿಲಿನ ಎಲೆಕ್ಟ್ರಿಕ್ ಕಾರಾಗಿ ಮತ್ತೆ ಬಂತು. 2025ರ ಜನವರಿಯಲ್ಲಿ ದೆಹಲಿಯ ಭಾರತ್ ಮೊಬಿಲಿಟಿ ಮೇಳದಲ್ಲಿ ಎಂಜಿನ್ ಇರುವ ಸಿಯೆರಾ ತೋರಿಸಿದರು. ಅದೇ ವರ್ಷ ನವೆಂಬರ್ ಮಧ್ಯದಲ್ಲಿ ಮಾರಾಟಕ್ಕೆ ಬರುವ ಕಾರಿನ ಅನಾವರಣ ಆಯಿತು. ನವೆಂಬರ್ 25ಕ್ಕೆ ಬೆಲೆ ಹೇಳಿದರು, ಅದೂ ಆರಂಭದ ಬೆಲೆ ಮಾತ್ರ, 11.49 ಲಕ್ಷ. ಉಳಿದ ವೇರಿಯೆಂಟ್‌ಗಳ ಬೆಲೆ ಡಿಸೆಂಬರ್‌ನಲ್ಲಿ ಕಂತು ಕಂತಾಗಿ ಹೊರಗೆ ಬಂತು. ಬುಕಿಂಗ್ ಶುರುವಾಗಿದ್ದು ಡಿಸೆಂಬರ್ 16ಕ್ಕೆ, ಡೆಲಿವರಿ 2026ರ ಜನವರಿ 15ರಿಂದ.

ಇಷ್ಟೂ ಸಲ ಸುದ್ದಿಯ ತಲೆಬರಹ ಒಂದೇ: ‘ಸಿಯೆರಾ ಬಂತು’.

ಕಾರು ಹುಚ್ಚಿನವರಿಗೆ ಈ ಹಂತಗಳೆಲ್ಲ ಬಾಯಿಪಾಠ. ಆದರೆ ಆರೇಳು ವರ್ಷಕ್ಕೊಮ್ಮೆ ಕಾರು ಕೊಳ್ಳುವವರಿಗೆ ಇದು ಗೊಂದಲ. ಹೊಸ ಕಾರಿನ ಘೋಷಣೆ ಒಂದೇ ದಿನದ್ದಲ್ಲ, ಅದೊಂದು ಸಾಲು. ಪ್ರತಿ ಹಂತದಲ್ಲೂ ಕಂಪನಿ ಒಂದಷ್ಟು ಹೇಳುತ್ತೆ, ಒಂದಷ್ಟು ಮುಂದಿನ ಹಂತಕ್ಕೆ ಎತ್ತಿಡುತ್ತೆ. ಹಾಗೆ ಎತ್ತಿಟ್ಟದ್ದು ಏನು ಅಂತ ಕಂಡುಹಿಡಿಯೋದೇ ಕಾರುಪ್ರಿಯರ ಮಾತುಕತೆಯ ಅಸಲಿ ಕೆಲಸ. ಜಗಳ, ಅಭಿಮಾನ, ‘ನನ್ನ ಕಂಪನಿ ನಿನ್ನ ಕಂಪನಿ’ ಎಲ್ಲ ಇದ್ದೇ ಇರುತ್ತೆ. ಅದನ್ನು ಪಕ್ಕಕ್ಕಿಟ್ಟರೆ ಕೊಳ್ಳುವವರಿಗೆ ತುಂಬಾ ಬೆಲೆಬಾಳುವ ವಿಷಯ ಅಲ್ಲಿ ಸಿಗುತ್ತೆ.

ಮೊದಲು ಬರೋದು ಕದ್ದು ತೆಗೆದ ಫೋಟೋಗಳು. ಕಪ್ಪು ಬಿಳಿ ಸುರುಳಿ ಸುರುಳಿ ಸ್ಟಿಕರ್ ಮೆತ್ತಿಕೊಂಡ ಕಾರು ಹೆದ್ದಾರಿಯಲ್ಲೋ ಘಾಟಿಯಲ್ಲೋ ಟೆಸ್ಟಿಂಗ್‌ಗೆ ಓಡಾಡುತ್ತಿರುತ್ತೆ. ಆ ಸುರುಳಿ ಇರೋದು ಗೆರೆಗಳನ್ನು ಮುರಿಯೋದಕ್ಕೆ. ಬಾಡಿಯ ಉಬ್ಬು ತಗ್ಗು ಎಲ್ಲಿದೆ ಅಂತ ಕಣ್ಣಿಗೂ ಗೊತ್ತಾಗಬಾರದು, ಕ್ಯಾಮೆರಾಕ್ಕೂ ಗೊತ್ತಾಗಬಾರದು. ಕೆಲವು ಸಲ ಅದರ ಕೆಳಗೆ ದಪ್ಪ ಪ್ಯಾಡಿಂಗ್ ಬೇರೆ. ಆದರೂ ಬಲ್ಲವರು ಆ ಫೋಟೋದಿಂದ ಎಷ್ಟೊಂದು ಹೊರಗೆಳೀತಾರೆ ನೋಡಿ. ಚಕ್ರದಲ್ಲಿ ನಾಲ್ಕು ನಟ್ ಇದೆಯಾ, ಐದು ಇದೆಯಾ ಅಂತ ಎಣಿಸುತ್ತಾರೆ. ಕಾರು ಎಷ್ಟು ಭಾರದ್ದು, ಯಾವ ಪ್ಲಾಟ್‌ಫಾರ್ಮ್ (ಕಾರಿನ ಬುಡದ ಚೌಕಟ್ಟು) ಇರಬಹುದು ಅನ್ನೋದಕ್ಕೆ ಅದೊಂದು ಸುಳಿವು. ಸೈಲೆನ್ಸರ್ ಪೈಪ್ ಕಾಣದಿದ್ದರೆ ಎಲೆಕ್ಟ್ರಿಕ್ ಇರಬಹುದು. ಮುಂದಿನ ಬಂಪರ್ ನಡುವೆ ಚಪ್ಪಟೆ ಕಪ್ಪು ಚೌಕ ಇದ್ದರೆ ರೇಡಾರ್ ಇದೆ ಅಂತ, ಅಂದರೆ ತಾನೇ ಬ್ರೇಕ್ ಹಾಕುವಂಥ ಸೌಲಭ್ಯಗಳು ಬರುತ್ತಿವೆ. ಹಿಂದಿನ ಚಕ್ರದಲ್ಲಿ ಡಿಸ್ಕಾ, ಡ್ರಮ್ಮಾ? ಲೈಟುಗಳು ಅಸಲಿಯಾ, ಸದ್ಯಕ್ಕೆ ಅಂತ ಸಿಕ್ಕಿಸಿದವಾ? ಅಸಲಿ ಲೈಟು ಕೂತಿದ್ದರೆ ಕಾರು ಹೊರಬರೋಕೆ ಜಾಸ್ತಿ ದಿನ ಇಲ್ಲ ಅಂತ ಲೆಕ್ಕ.

ಇದರಲ್ಲಿ ಎಷ್ಟೋ ಊಹೆ ತಪ್ಪಾಗುತ್ತೆ, ಅದು ಸಹಜ. ಟೆಸ್ಟ್ ಕಾರಿನಲ್ಲಿ ಇದ್ದದ್ದೆಲ್ಲ ಶೋರೂಮಿಗೆ ಬರೋ ಕಾರಿನಲ್ಲಿ ಇರಬೇಕಂತಿಲ್ಲ. ಇದ್ದರೂ ಅದು ಟಾಪ್ ಎಂಡ್‌ಗೆ, ಅಂದರೆ ಎಲ್ಲಕ್ಕಿಂತ ದುಬಾರಿ ವೇರಿಯೆಂಟ್‌ಗೆ ಮಾತ್ರ ಇರಬಹುದು.

ಆಮೇಲಿನ ದೊಡ್ಡ ಚರ್ಚೆ, ಇದು ಹೊಸ ಕಾರಾ, ಇಲ್ಲಾ ಹಳೇ ಕಾರಿಗೇ ಹೊಸ ಮುಖ ಕೊಟ್ಟ ಫೇಸ್‌ಲಿಫ್ಟಾ ಅನ್ನೋದು. ಜಾಹೀರಾತಿನಲ್ಲಿ ಎಷ್ಟೋ ಸಲ ಎರಡಕ್ಕೂ ‘ನ್ಯೂ’ ಅಂತಲೇ ಇರುತ್ತೆ, ಹಾಗಾಗಿ ಕಣ್ಣಿಂದಲೇ ಗುರುತಿಸಬೇಕು. ದಾರಿ ಸುಲಭ. ಬಾಗಿಲು, ಕಿಟಕಿ ಗಾಜಿನ ಗೆರೆ, ಚಾವಣಿ ನೋಡಿ. ಕಾರಿನ ತಗಡನ್ನು ಒತ್ತಿ ಆಕಾರ ಕೊಡೋದಕ್ಕೆ ದೊಡ್ಡ ದೊಡ್ಡ ಡೈಗಳು (ಅಚ್ಚುಗಳು) ಬೇಕು. ಅವುಗಳ ಖರ್ಚು ವಿಪರೀತ. ಹಾಗಾಗಿ ಫೇಸ್‌ಲಿಫ್ಟ್ ಮಾಡುವಾಗ ಬಾಗಿಲು, ಚಾವಣಿಗೆ ಸಾಮಾನ್ಯವಾಗಿ ಕೈ ಹಾಕೋದಿಲ್ಲ. ಬಂಪರ್, ಗ್ರಿಲ್, ಲೈಟು, ಒಳಗಿನ ಸ್ಕ್ರೀನು, ಸೀಟಿನ ಬಟ್ಟೆ ಬದಲಾಗುತ್ತೆ, ಬುಡ ಅದೇ ಇರುತ್ತೆ. ಟಾಟಾ ನೆಕ್ಸಾನ್ 2017ರಲ್ಲಿ ಬಂತು, 2020ರಲ್ಲಿ ಮುಖ ಬದಲಾಯಿತು, 2023ರ ಸೆಪ್ಟೆಂಬರ್‌ನಲ್ಲಿ ಒಳಗೂ ಹೊರಗೂ ಗುರುತೇ ಸಿಗದಷ್ಟು ಬದಲಾಯಿತು. ಆದರೂ ಪಕ್ಕದಿಂದ ನಿಂತು ನೋಡಿದರೆ ಅದೇ ನೆಕ್ಸಾನ್, ಪ್ಲಾಟ್‌ಫಾರ್ಮೂ ಅದೇ.

ಫೇಸ್‌ಲಿಫ್ಟ್ ಅಂದ ಕೂಡಲೇ ಮೂಗು ಮುರಿಯೋರು ಜಾಸ್ತಿ. ನನಗದು ಸರಿ ಅನ್ಸಲ್ಲ. ನಾಲ್ಕೈದು ವರ್ಷ ರಸ್ತೆಯಲ್ಲಿ ಓಡಿದ ಎಂಜಿನ್, ಗೇರ್‌ಬಾಕ್ಸ್‌ನ ಕಾಯಿಲೆಗಳು ಅಷ್ಟರಲ್ಲಿ ಗೊತ್ತಾಗಿರುತ್ತವೆ, ಮೆಕ್ಯಾನಿಕ್‌ಗಳ ಕೈ ಪಳಗಿರುತ್ತೆ, ಬಿಡಿಭಾಗ ಎಲ್ಲ ಕಡೆ ಸಿಗುತ್ತೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಇದು ದೊಡ್ಡ ಸಮಾಧಾನ.

ಇನ್ನು ನಿಜವಾಗಿ ಹೊಸ ತಲೆಮಾರು ಬಂದಾಗಲೂ ಸಣ್ಣ ಎಸ್‌ಯುವಿಗಳಲ್ಲಿ ಒಂದು ಅಂಕಿ ಮಾತ್ರ ಅಲ್ಲಾಡೋದೇ ಇಲ್ಲ. 3995 ಮಿಲಿಮೀಟರ್. ನೆಕ್ಸಾನ್ ಉದ್ದ 3995. ಬ್ರೆಝಾ 3995. ವೆನ್ಯೂ 3995. ಇದು ಕಾಕತಾಳೀಯ ಅಲ್ಲ, ತೆರಿಗೆ. ನಾಲ್ಕು ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದರೆ 1200 ಸಿಸಿ ಒಳಗೆ, ಡೀಸೆಲ್ ಆದರೆ 1500 ಸಿಸಿ ಒಳಗೆ ಇದ್ದರೆ ಅದು ಸಣ್ಣ ಕಾರು. 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ ಜಿಎಸ್‌ಟಿ ಶೇ. 18, ಅದನ್ನು ದಾಟಿದ ಪೆಟ್ರೋಲ್ ಡೀಸೆಲ್ ಕಾರಿಗೆ ಶೇ. 40. ನಾಲ್ಕು ಮೀಟರ್ ಮೇಲೆ ಒಂದೇ ಮಿಲಿಮೀಟರ್ ಜಾಸ್ತಿ ಆದರೂ ಲಕ್ಷಗಟ್ಟಲೆ ಹೊರೆ. 2025ರ ನವೆಂಬರ್‌ನಲ್ಲಿ ಎರಡನೇ ತಲೆಮಾರಿನ ಹ್ಯುಂಡೈ ವೆನ್ಯೂ ಬಂದಾಗ ಇದು ಚೆನ್ನಾಗಿ ಕಾಣಿಸಿತು. ಉದ್ದಕ್ಕೆ ಬೆಳೆಯೋ ಹಾಗಿಲ್ಲ. ಅದಕ್ಕೇ ಅಗಲ 30 ಮಿಲಿಮೀಟರ್, ಎತ್ತರ 48 ಮಿಲಿಮೀಟರ್, ಎರಡು ಚಕ್ರಗಳ ನಡುವಿನ ಅಂತರ 20 ಮಿಲಿಮೀಟರ್ ಜಾಸ್ತಿ ಆಯಿತು. ‘ಹಿಂದಿನಿಂದ ಕತ್ತರಿಸಿದ ಹಾಗಿದೆ’ ಅಂತ ಈ ವರ್ಗದ ಕಾರುಗಳ ಬಗ್ಗೆ ಆಗಾಗ ಕೇಳಿಬರುವ ದೂರು ಇದೆಯಲ್ಲ, ಅದರ ಮೂಲ ಡಿಸೈನರ್‌ಗಿಂತ ಜಾಸ್ತಿ ಈ ನಿಯಮ.

ಸಿಯೆರಾ ಉದ್ದ 4340 ಮಿಲಿಮೀಟರ್, ಎಂಜಿನ್‌ಗಳೆಲ್ಲ ಒಂದೂವರೆ ಲೀಟರ್. ಹಾಗಾಗಿ ಅದು ಶೇ. 40ರ ಗುಂಪಿಗೇ ಸೇರುತ್ತೆ.

ನಮ್ಮ ಬಿಡದಿಯ ಒಂದು ವಿಷಯ ಇಲ್ಲಿ ಹೇಳಲೇಬೇಕು. 2022ರ ಜುಲೈನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡು ‘ಹೊಸ’ ಕಾರುಗಳ ಅನಾವರಣ ಆಯಿತು, ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರಾಂಡ್ ವಿಟಾರ. ಎರಡೂ ತಯಾರಾಗೋದು ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲೇ. ಎಂಜಿನ್, ಪ್ಲಾಟ್‌ಫಾರ್ಮ್, ಹೈಬ್ರಿಡ್ ವ್ಯವಸ್ಥೆ ಎಲ್ಲ ಒಂದೇ. ಒಂದೇ ಅಡುಗೆಮನೆ, ಎರಡು ಹೋಟೆಲ್ ಬೋರ್ಡ್ ಅನ್ನೋ ಹಾಗೆ. ‘ಯಾವುದು ಚೆನ್ನಾಗಿ ಓಡುತ್ತೆ’ ಅಂತ ಇವೆರಡರ ಅಭಿಮಾನಿಗಳು ವಾದ ಮಾಡೋದರಲ್ಲಿ ಅರ್ಥ ಕಡಿಮೆ. ವಾರಂಟಿ ಹೇಗಿದೆ, ನಿಮ್ಮ ಊರಿಗೆ ಯಾರ ಸರ್ವಿಸ್ ಸೆಂಟರ್ ಹತ್ತಿರ, ನಿಮಗೆ ಬೇಕಾದ ವೇರಿಯೆಂಟ್ ಯಾರ ಹತ್ತಿರ ಬೇಗ ಸಿಗುತ್ತೆ ಅನ್ನೋದೇ ಅಲ್ಲಿ ಪ್ರಶ್ನೆ.

ಈಗ ಬೆಲೆ. ಎಲ್ಲರೂ ಎಡವೋದು ಇಲ್ಲೇ.

ವೇದಿಕೆ ಮೇಲೆ ದೊಡ್ಡ ಅಕ್ಷರದಲ್ಲಿ ಬರುವ ಅಂಕಿ ಬೇಸ್ ಮಾಡೆಲ್‌ನ ಎಕ್ಸ್ ಶೋರೂಮ್ ಬೆಲೆ, ಅಂದರೆ ರಾಜ್ಯದ ವಾಹನ ತೆರಿಗೆ, ಇನ್ಶೂರೆನ್ಸ್ ಸೇರದ ಬೆಲೆ. ಅದೇ ವೇದಿಕೆಯಲ್ಲಿ ತೋರಿಸೋ ಕಾರು ಮಾತ್ರ ಟಾಪ್ ಎಂಡ್. ಸಿಯೆರಾ ಸುದ್ದಿಯಲ್ಲಿ 11.49 ಲಕ್ಷವೂ ಇತ್ತು, 160 ಪಿಎಸ್ (ಎಂಜಿನ್ ಶಕ್ತಿಯ ಅಳತೆ) ಟರ್ಬೊ ಪೆಟ್ರೋಲ್ ಎಂಜಿನ್ನೂ ಇತ್ತು. ಆದರೆ ಎರಡೂ ಒಂದೇ ಕಾರಿನಲ್ಲಿ ಇಲ್ಲ. 11.49 ಲಕ್ಷಕ್ಕೆ ಸಿಗೋದು 106 ಪಿಎಸ್‌ನ ಟರ್ಬೊ ಇಲ್ಲದ ಎಂಜಿನ್, ಮ್ಯಾನುಯಲ್ ಗೇರ್. ಟರ್ಬೊ ಬೇಕು ಅಂದರೆ ಮೇಲಿನ ವೇರಿಯೆಂಟ್‌ಗೇ ಹೋಗಬೇಕು, ಆಟೋಮ್ಯಾಟಿಕ್ಕೇ ತಗೋಬೇಕು. ಟಾಪ್ ಎಂಡ್ 21 ಲಕ್ಷ ದಾಟುತ್ತೆ. ಆರಂಭದ ಬೆಲೆ ಕೇಳಿ ಹಿಗ್ಗಿದವರು ಡಿಸೆಂಬರ್‌ನಲ್ಲಿ ಪೂರ್ತಿ ಪಟ್ಟಿ ಬಂದಾಗ ಮತ್ತೆ ಲೆಕ್ಕ ಹಾಕಬೇಕಾಯಿತು. ಹಾಗಾಗಿ ಪೂರ್ತಿ ಪಟ್ಟಿ ಬರೋ ತನಕ ‘ಸಸ್ತಾ’ ‘ದುಬಾರಿ’ ಅನ್ನೋ ತೀರ್ಪಿಗೆ ತೂಕ ಇಲ್ಲ.

ಮಹೀಂದ್ರಾ ಎಲೆಕ್ಟ್ರಿಕ್ ಕಾರುಗಳಲ್ಲೂ ಇದೇ ಕ್ರಮ. 2024ರ ನವೆಂಬರ್ 26ಕ್ಕೆ ಚೆನ್ನೈನಲ್ಲಿ ಬಿಇ 6ಇ ಅನಾವರಣ ಆದಾಗ ಹೇಳಿದ್ದು 18.90 ಲಕ್ಷ. ಅದರಲ್ಲಿ ಚಾರ್ಜರ್ ಮತ್ತು ಅದನ್ನು ಕೂರಿಸುವ ಖರ್ಚು ಸೇರಿರಲಿಲ್ಲ. ಟಾಪ್ ಪ್ಯಾಕ್ ಬೆಲೆ 26.90 ಲಕ್ಷ ಅಂತ ಗೊತ್ತಾಗಿದ್ದು ಮುಂದಿನ ಜನವರಿಯಲ್ಲಿ. ನಡುವೆ ಇಂಡಿಗೋ ವಿಮಾನ ಸಂಸ್ಥೆ ‘6ಇ’ ನಮ್ಮ ಗುರುತು ಅಂತ ಕೋರ್ಟಿಗೆ ಹೋಯಿತು, ಡಿಸೆಂಬರ್‌ನಲ್ಲಿ ಕಾರಿನ ಹೆಸರೇ ಬಿಇ 6 ಅಂತ ಬದಲಾಯಿತು. ಅನಾವರಣ ಮತ್ತು ಮಾರಾಟದ ನಡುವೆ ಹೆಸರು ಕೂಡ ಗ್ಯಾರಂಟಿ ಇಲ್ಲ ಅಂತಾಯ್ತು.

ಎಕ್ಸ್ ಶೋರೂಮ್‌ನಿಂದ ಆನ್ ರೋಡ್‌ಗೆ, ಅಂದರೆ ಎಲ್ಲ ಸೇರಿ ಕೈಯಿಂದ ಹೋಗೋ ಬೆಲೆಗೆ ಬರೋಣ. ಕರ್ನಾಟಕದಲ್ಲಿ ಈ ಅಂತರ ದೊಡ್ಡದು. ಇಲ್ಲಿನ ಜೀವಾವಧಿ ತೆರಿಗೆ ಕಾರಿನ ಬೆಲೆಗೆ ತಕ್ಕಂತೆ ಏರುತ್ತೆ. ಪೆಟ್ರೋಲ್ ಡೀಸೆಲ್ ಕಾರುಗಳಿಗೆ 5 ಲಕ್ಷದ ತನಕ ಶೇ. 13, 10 ಲಕ್ಷದ ತನಕ ಶೇ. 14, 20 ಲಕ್ಷದ ತನಕ ಶೇ. 17, ಅದರ ಮೇಲೆ ಶೇ. 18. ಆ ತೆರಿಗೆಯ ಮೇಲೆ ಸೆಸ್ ಬೇರೆ. 11.49 ಲಕ್ಷದ ಕಾರಿಗೆ ಶೇ. 17 ಅಂದರೆ 1,95,330 ರೂಪಾಯಿ. ಸೆಸ್, ಇನ್ಶೂರೆನ್ಸ್, ರಿಜಿಸ್ಟ್ರೇಷನ್ ಎಲ್ಲ ಸೇರಿದರೆ 14 ಲಕ್ಷದ ಹತ್ತಿರ ಬಂದು ನಿಲ್ಲುತ್ತೆ. 10 ಲಕ್ಷ ದಾಟಿದ ಕಾರಿಗೆ ಮಾರುವಾಗಲೇ ಶೇ. 1 ಆದಾಯ ತೆರಿಗೆ (ಟಿಸಿಎಸ್) ಹಿಡೀತಾರೆ. ಅದು ಹೋದ ದುಡ್ಡಲ್ಲ, ಇನ್‌ಕಮ್ ಟ್ಯಾಕ್ಸ್ ರಿಟರ್ನ್‌ನಲ್ಲಿ ತೋರಿಸಿ ಹೊಂದಿಸಿಕೊಳ್ಳಬಹುದು. ಎಷ್ಟೋ ಜನ ಇದನ್ನು ಮರೆತೇ ಬಿಡ್ತಾರೆ.

ಈ ಹಂತಗಳ ಗಡಿಯಲ್ಲಿ ಒಂದು ವಿಚಿತ್ರ ಇದೆ. 9.99 ಲಕ್ಷದ ಕಾರಿಗೆ ತೆರಿಗೆ 1,39,860 ರೂಪಾಯಿ. 10.01 ಲಕ್ಷದ ಕಾರಿಗೆ 1,70,170. ಕಾರಿನ ಬೆಲೆಯಲ್ಲಿ ಎರಡು ಸಾವಿರದ ವ್ಯತ್ಯಾಸ, ತೆರಿಗೆಯಲ್ಲಿ ಮೂವತ್ತು ಸಾವಿರಕ್ಕೂ ಜಾಸ್ತಿ. 9.99 ಅನ್ನೋ ಬೆಲೆ ಬರೀ ಕಣ್ಣಿಗೆ ಚೆಂದ ಕಾಣಲಿ ಅಂತ ಇಟ್ಟದ್ದಲ್ಲ, ಬೆಂಗಳೂರಿನ, ಹುಬ್ಬಳ್ಳಿಯ ಗ್ರಾಹಕನಿಗೆ ಅದರಿಂದ ನಿಜವಾದ ಉಳಿತಾಯ ಇದೆ. ಮುಂದಿನ ವೇರಿಯೆಂಟ್‌ಗೆ ‘ಸ್ವಲ್ಪ ಜಾಸ್ತಿ ಅಷ್ಟೇ ಸಾರ್’ ಅಂತ ಶೋರೂಮಲ್ಲಿ ಹೇಳಿದಾಗ ಈ ಗಡಿ ಎಲ್ಲಿದೆ ಅಂತ ನೋಡಿ.

‘ಇಂಟ್ರೊಡಕ್ಟರಿ ಪ್ರೈಸ್’ ಅನ್ನೋದನ್ನೂ ಹಗುರವಾಗಿ ತಗೋಬೇಡಿ. 2021ರ ಅಕ್ಟೋಬರ್ 7ಕ್ಕೆ ಮಹೀಂದ್ರಾ ಎಕ್ಸ್‌ಯುವಿ700 ಬುಕಿಂಗ್ ಶುರುವಾದಾಗ ಆ ಬೆಲೆ ಮೊದಲ 25,000 ಜನರಿಗೆ ಮಾತ್ರ ಅಂದಿದ್ದರು. ಅದು ಮುಗಿದಿದ್ದು 57 ನಿಮಿಷದಲ್ಲಿ. ಮುಂದಿನವರಿಗೆ ಹೊಸ ದರ. ಬುಕಿಂಗ್ ಫಾರಂನಲ್ಲಿ ಸಾಮಾನ್ಯವಾಗಿ ‘ಡೆಲಿವರಿ ದಿನದ ಬೆಲೆ ಅನ್ವಯ’ ಅಂತ ಸಣ್ಣ ಅಕ್ಷರದಲ್ಲಿ ಇರುತ್ತೆ. ತಿಂಗಳುಗಟ್ಟಲೆ ಕಾಯುವಾಗ ಆ ಒಂದು ಸಾಲಿಗೆ ತುಂಬಾ ಬೆಲೆ.

ಬುಕಿಂಗ್ ಅಂಕಿಗಳ ಬಗ್ಗೆಯೂ ಒಂದು ಮಾತು. ಮಹೀಂದ್ರಾ ಥಾರ್ ರಾಕ್ಸ್‌ಗೆ 2024ರ ಅಕ್ಟೋಬರ್‌ನಲ್ಲಿ ಮೊದಲ ಒಂದು ಗಂಟೆಯಲ್ಲೇ 1.76 ಲಕ್ಷ ಬುಕಿಂಗ್ ಬಂತು. ಸಿಯೆರಾಗೆ ಮೊದಲ ದಿನವೇ 70 ಸಾವಿರಕ್ಕೂ ಜಾಸ್ತಿ. ಜನರ ಆಸೆ ಎಷ್ಟಿದೆ ಅಂತ ಇದು ತೋರಿಸುತ್ತೆ, ಸುಳ್ಳಲ್ಲ. ಆದರೆ ಬುಕಿಂಗ್ ಮೊತ್ತ 21 ಸಾವಿರ, ರದ್ದು ಮಾಡಿದರೆ ವಾಪಸ್ ಬರುತ್ತೆ. ಎರಡು ಮೂರು ಕಾರು ಬುಕ್ ಮಾಡಿಟ್ಟು ಯಾವುದು ಮೊದಲು ಬಂತೋ ಅದನ್ನು ತಗೊಳ್ಳೋರೂ ಇದ್ದಾರೆ. ತಿಂಗಳ ಮಾರಾಟದ ಅಂಕಿಯಲ್ಲೂ ಎರಡು ಬಗೆ ಇದೆ. ಕಂಪನಿಗಳು ತಿಂಗಳ ಮೊದಲ ದಿನ ಕೊಡೋದು ಬಹುಪಾಲು ಡೀಲರ್‌ಗಳಿಗೆ ಕಳಿಸಿದ ಕಾರುಗಳ ಲೆಕ್ಕ. ಗ್ರಾಹಕರ ಹೆಸರಿಗೆ ರಿಜಿಸ್ಟರ್ ಆದದ್ದು ಎಷ್ಟು ಅನ್ನೋದಕ್ಕೆ ಸರ್ಕಾರದ ವಾಹನ್ ಪೋರ್ಟಲ್ ಮತ್ತು ಡೀಲರ್‌ಗಳ ಒಕ್ಕೂಟ ಫಾಡಾ ಕೊಡುವ ಅಂಕಿ ನೋಡಬೇಕು. ಮೊದಲಿನದು ಜಾಸ್ತಿ, ಎರಡನೆಯದು ಕಡಿಮೆ ಅಂತ ಕೆಲವು ತಿಂಗಳು ಮುಂದುವರಿದರೆ ಡೀಲರ್ ಯಾರ್ಡ್ ತುಂಬುತ್ತಿದೆ ಅಂತ ಅರ್ಥ. ರಿಯಾಯಿತಿ ಬರೋದು ಆಗಲೇ.

ಮೈಲೇಜ್ ಮತ್ತು ರೇಂಜ್ (ಒಂದು ಸಲ ಪೂರ್ತಿ ಚಾರ್ಜ್ ಮಾಡಿದರೆ ಓಡುವ ದೂರ) ವಿಷಯಕ್ಕೆ ಬಂದರೆ ನನ್ನ ಪ್ರಕಾರ ಅತಿ ಹೆಚ್ಚು ಗೊಂದಲ ಇರೋದು ಇಲ್ಲೇ. ಟಾಟಾ ಕರ್ವ್ ಇವಿಯ 55 ಕಿಲೋವ್ಯಾಟ್ ಅವರ್ ಬ್ಯಾಟರಿ ತಗೊಳ್ಳಿ. 2024ರ ಆಗಸ್ಟ್‌ನಲ್ಲಿ ಬಂದಾಗ ಹೇಳಿದ್ದು 585 ಕಿಲೋಮೀಟರ್. ಆಮೇಲೆ 502 ಅಂತ ಬಂತು. ಕಂಪನಿಯೇ ಕೊಟ್ಟ ಇನ್ನೊಂದು ಅಂದಾಜು 400ರಿಂದ 425. ಒಂದೇ ಕಾರು, ಒಂದೇ ಬ್ಯಾಟರಿ, ಮೂರು ಉತ್ತರ. ಮೋಸ ಅಂತ ತೀರ್ಮಾನಿಸೋ ಮುಂಚೆ ಅಳತೆ ಹೇಗೆ ಅಂತ ನೋಡಿ. ನಮ್ಮ ದೇಶದ ಪರೀಕ್ಷೆಯ ಹೆಸರು ಮಾಡಿಫೈಡ್ ಇಂಡಿಯನ್ ಡ್ರೈವಿಂಗ್ ಸೈಕಲ್, ಸಂಕ್ಷಿಪ್ತವಾಗಿ ಎಂಐಡಿಸಿ. ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ವೇಗದಲ್ಲಿ ಓಡಿಸ್ತಾರೆ. ಮೊದಲ ಭಾಗ ಊರೊಳಗಿನ ನಿಧಾನದ ಓಟ. ಎರಡನೆಯದು ಹೆದ್ದಾರಿ ಥರದ ಓಟ, ಅಲ್ಲೂ ಗರಿಷ್ಠ ವೇಗ 90. ಮೊದಲ ಭಾಗ ಒಂದನ್ನೇ ಲೆಕ್ಕಕ್ಕೆ ತಗೊಂಡಾಗ 585, ಎರಡೂ ಸೇರಿಸಿದಾಗ 502. ದಿನನಿತ್ಯ ಓಡಿಸುವಾಗ ನಮ್ಮ ರಸ್ತೆಯಲ್ಲಿ ಬಹುಪಾಲು ಜನರಿಗೆ ಸಿಗೋದು 400ರ ಆಸುಪಾಸು ಅನ್ನೋದು ಮೂರನೆಯ ಅಂದಾಜು.

ಇದನ್ನು ನಮ್ಮ ರಸ್ತೆಗೆ ಹಚ್ಚಿ ನೋಡಿ. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ಹೋಗುವಾಗ ಸಕಲೇಶಪುರ ದಾಟಿ ಶಿರಾಡಿ ಇಳಿಯೋವಾಗ ಮೋಟಾರೇ ಬ್ರೇಕ್ ಥರ ಕೆಲಸ ಮಾಡಿ ಬ್ಯಾಟರಿಗೆ ಕರೆಂಟ್ ವಾಪಸ್ ತುಂಬುತ್ತೆ. ಬರುವಾಗ ಅದೇ ಘಾಟಿ ಹತ್ತಬೇಕು, ಜೊತೆಗೆ ಕರಾವಳಿಯ ಸೆಕೆಗೆ ಎಸಿ ಜೋರಾಗಿ ಓಡ್ತಿರುತ್ತೆ. ಆಗ ಚಾರ್ಜ್ ಬೇಗ ಇಳಿಯುತ್ತೆ. ಹೋಗೋದಕ್ಕೆ ಒಂದು ಲೆಕ್ಕ, ಬರೋದಕ್ಕೆ ಇನ್ನೊಂದು. ಜಾಹೀರಾತಿನ ಒಂದೇ ಅಂಕಿಯಲ್ಲಿ ಇದು ಯಾವತ್ತೂ ಸಿಗಲ್ಲ. ಓಡಿಸಿದವರು ‘ಹಾಸನದಲ್ಲಿ ಇಷ್ಟಿತ್ತು, ಗುಂಡ್ಯದಲ್ಲಿ ಇಷ್ಟಾಯ್ತು’ ಅಂತ ಬರೀತಾರಲ್ಲ, ಅದರಲ್ಲಿ ಸಿಗುತ್ತೆ.

ಪೆಟ್ರೋಲ್ ಕಾರಿಗೂ ಇದೇ ಕಥೆ. ಸಿಯೆರಾ ಬಿಡುಗಡೆ ಹೊತ್ತಲ್ಲಿ ಲೀಟರಿಗೆ 29.9 ಕಿಲೋಮೀಟರ್ ಅಂತ ಸುದ್ದಿ ಓಡಾಡಿತು. ಅದು ಇಂದೋರ್ ಬಳಿಯ ನ್ಯಾಟ್ರ್ಯಾಕ್ಸ್ ಟ್ರ್ಯಾಕ್‌ನಲ್ಲಿ ದಾಖಲೆಗೆ ಅಂತಲೇ 12 ಗಂಟೆ ಹದವಾಗಿ ಓಡಿಸಿ ತೆಗೆದ ಅಂಕಿ. ಅಲ್ಲಿನ ಹೈಸ್ಪೀಡ್ ಟ್ರ್ಯಾಕ್ 11.3 ಕಿಲೋಮೀಟರ್ ಉದ್ದ, ಸಿಗ್ನಲ್ ಇಲ್ಲ, ಹಂಪ್ ಇಲ್ಲ, ಅಡ್ಡ ಬರೋ ಬೈಕ್ ಇಲ್ಲ. ಎಂಜಿನ್ ಸಾಮರ್ಥ್ಯ ತೋರಿಸೋದಕ್ಕೆ ಒಳ್ಳೇ ಪ್ರಯೋಗ ಅದು. ಸಿಲ್ಕ್ ಬೋರ್ಡ್‌ನಲ್ಲಿ ದಿನಾ ಸಿಕ್ಕಿಕೊಳ್ಳೋರು ಅದನ್ನು ತಮ್ಮ ಮೈಲೇಜ್ ಅಂದುಕೊಂಡರೆ ಕಷ್ಟ.

ಪವರ್ ಅಂಕಿಗಳಲ್ಲಿ ನೋಡಬೇಕಾದ್ದು ಎರಡು. ಟಾರ್ಕ್, ಅಂದರೆ ಎಳೆಯುವ ಬಲ, ಎಷ್ಟು ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗೋ ಸುತ್ತು) ಸಿಗುತ್ತೆ, ಕಾರು ಎಷ್ಟು ತೂಕ ಇದೆ. ಸಿಯೆರಾದ ಟರ್ಬೊ ಇಲ್ಲದ ಪೆಟ್ರೋಲ್‌ನಲ್ಲಿ 145 ನ್ಯೂಟನ್ ಮೀಟರ್, ಟರ್ಬೊದಲ್ಲಿ 255. ಊರೊಳಗೆ ಓಡಾಡೋರಿಗೆ ಮೊದಲನೆಯದು ಸಾಕಾಗಬಹುದು. ಐದು ಜನ, ಲಗೇಜು, ಎಸಿ ಸಮೇತ ಚಾರ್ಮಾಡಿ ಹತ್ತುವಾಗ ವ್ಯತ್ಯಾಸ ಗೊತ್ತಾಗುತ್ತೆ.

ಸುರಕ್ಷತೆ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಇದೆ, ಕಾರನ್ನು ಡಿಕ್ಕಿ ಹೊಡೆಸಿ ನೋಡಿ ಸ್ಟಾರ್ ಕೊಡುವ ನಮ್ಮ ದೇಶದ ಪರೀಕ್ಷೆ. ಮುಂಭಾಗದ ಡಿಕ್ಕಿ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ, ಪಕ್ಕದ ಡಿಕ್ಕಿ 50ರಲ್ಲಿ, ಕಂಬಕ್ಕೆ ಪಕ್ಕದಿಂದ ಡಿಕ್ಕಿ 29ರಲ್ಲಿ. ಐದು ಸ್ಟಾರ್ ಬಂತು ಅಂದಾಗ ದೊಡ್ಡವರ ಅಂಕ, ಮಕ್ಕಳ ಅಂಕ ಎರಡನ್ನೂ ಬೇರೆ ಬೇರೆ ನೋಡಿ, ಯಾವ ವೇರಿಯೆಂಟ್‌ಗಳಿಗೆ ಅನ್ವಯ ಅಂತಲೂ ನೋಡಿ. ಮತ್ತೆ, ಅನಾವರಣದ ದಿನ ‘ಐದು ಸ್ಟಾರ್ ಗುರಿಯಿಟ್ಟು ಕಟ್ಟಿದ್ದೀವಿ’ ಅನ್ನೋದೂ, ಪರೀಕ್ಷೆಯಲ್ಲಿ ಐದು ಸ್ಟಾರ್ ಬರೋದೂ ಬೇರೆ ಬೇರೆ.

ಇಷ್ಟೆಲ್ಲ ಆದಮೇಲೆ ಪತ್ರಕರ್ತರ ಮೊದಲ ಡ್ರೈವ್ ಬರುತ್ತೆ. ಕಂಪನಿ ಆರಿಸಿದ ರಸ್ತೆ, ಬಹುಪಾಲು ಟಾಪ್ ಎಂಡ್ ಕಾರು, ಕೈಗೆ ಸಿಕ್ಕೋದು ಕೆಲವೇ ಗಂಟೆ. ಸಸ್ಪೆನ್ಷನ್ ಹೇಗಿದೆ, ಹಿಂದಿನ ಸೀಟಲ್ಲಿ ತೊಡೆಗೆ ಆಸರೆ ಇದೆಯಾ, ಗೇರ್‌ಬಾಕ್ಸ್ ತಡಬಡಾಯಿಸುತ್ತಾ ಅನ್ನೋದು ಅವರಿಂದ ಚೆನ್ನಾಗಿ ಗೊತ್ತಾಗುತ್ತೆ. ಮಳೆಗಾಲದಲ್ಲಿ ಬಾಗಿಲ ರಬ್ಬರ್ ಸೋರುತ್ತಾ, ಸ್ಕ್ರೀನ್ ಹ್ಯಾಂಗ್ ಆಗುತ್ತಾ, ಎರಡನೇ ಸರ್ವಿಸ್ ಬಿಲ್ ಎಷ್ಟು ಅನ್ನೋದು ಗೊತ್ತಾಗಲ್ಲ. ಅದಕ್ಕೆ ಮಾಲೀಕರೇ ಬೇಕು. ಹಾಗಾಗಿ ಚರ್ಚೆಗಳಲ್ಲಿ ನಾನು ಹೆಚ್ಚು ಬೆಲೆ ಕೊಡೋದು ಏಳೆಂಟು ತಿಂಗಳು ಓಡಿಸಿದವರ ಬರಹಕ್ಕೆ. ಅದರಲ್ಲೂ ಓಡೊಮೀಟರ್ ಫೋಟೋ, ಟ್ಯಾಂಕ್ ತುಂಬಿಸಿ ತುಂಬಿಸಿ ಲೆಕ್ಕ ಹಾಕಿದ ಮೈಲೇಜ್, ಜಾಬ್ ಕಾರ್ಡ್‌ನಲ್ಲಿ ಬರೆದ ತೊಂದರೆ ಇಷ್ಟನ್ನು ಕೊಟ್ಟವರ ಮಾತು ಗಟ್ಟಿ. ಈಗಿನ ಕಾರುಗಳಲ್ಲಿ ಸಾಫ್ಟ್‌ವೇರ್ ಜಾಸ್ತಿ ಇರೋದರಿಂದ ಮೊದಲ ಲಾಟ್‌ನಲ್ಲಿ ಸಣ್ಣಪುಟ್ಟ ಕಿರಿಕಿರಿ ಕಾಣೋದು ಸಾಮಾನ್ಯ. ಅಪ್‌ಡೇಟ್ ಕೊಟ್ಟು ಎಷ್ಟು ಬೇಗ ಸರಿ ಮಾಡಿದರು ಅನ್ನೋದು ಆ ಬರಹಗಳಲ್ಲೇ ಸಿಗುತ್ತೆ.

ಶೋರೂಮಿಗೆ ಹೋದಾಗ ನೀವು ಕೊಳ್ಳಬೇಕು ಅಂದುಕೊಂಡ ಎಂಜಿನ್, ಅದೇ ಗೇರ್‌ಬಾಕ್ಸ್ ಇರೋ ಕಾರನ್ನೇ ಟೆಸ್ಟ್ ಡ್ರೈವ್‌ಗೆ ಕೇಳಿ. ಮ್ಯಾನುಯಲ್ ಬುಕ್ ಮಾಡೋರಿಗೆ ಟರ್ಬೊ ಆಟೋಮ್ಯಾಟಿಕ್ ಓಡಿಸೋಕೆ ಕೊಟ್ಟರೆ ಅದರಿಂದ ಏನೂ ತಿಳಿಯಲ್ಲ. ಮನೆಯವರನ್ನು ಹಿಂದಿನ ಸೀಟಲ್ಲಿ ಕೂರಿಸಿಕೊಂಡು, ಎಸಿ ಹಾಕಿ, ಹತ್ತಿರದ ಯಾವುದಾದರೂ ಫ್ಲೈಓವರ್ ಹತ್ತಿಸಿ ನೋಡಿ. ದುಡ್ಡು ಪೂರ್ತಿ ಕಟ್ಟೋ ಮುಂಚೆ ನಿಮಗೆ ಕೊಡೋ ಕಾರು ಯಾವ ತಿಂಗಳು, ಯಾವ ವರ್ಷ ತಯಾರಾಗಿದ್ದು ಅಂತ ಬರವಣಿಗೆಯಲ್ಲಿ ಕೇಳಿ. ಆರ್‌ಸಿಯಲ್ಲಿ ಬರೋದು ಅದೇ ತಿಂಗಳು, ಮುಂದೆ ಮಾರುವಾಗ ಕೊಳ್ಳೋರು ಮೊದಲು ನೋಡೋದೂ ಅದನ್ನೇ.